ತಲೆಯೆಣಿಕೆಯ ಅನುದಾನ ಮತ್ತು ‘ನಮ್ಮದೇ ಕಾಲೇಜು’

(ಉಲ್ಹಾಸನಗರದಲ್ಲಿ ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳ ಕನ್ನಡ ಜೈನ ಕುಟುಂಬಗಳ ಎದುರು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಮಾಜದ ಸಭೆಗಳಲ್ಲಿ ಹಲವು ವರ್ಷಗಳಿಂದ ಒಂದು ಮಾತು ಕೇಳಿಬರುತ್ತಿದೆ. ‘ಈ ಪ್ರದೇಶದಲ್ಲಿ ನಮ್ಮದೇ ಒಂದು ಕಾಲೇಜು ಬೇಕು. ಸಿಂಧಿಗಳು ಕಟ್ಟಿದರು, ಗುಜರಾತಿಗಳು ಕಟ್ಟಿದರು, ನಾವೇಕೆ ಕಟ್ಟಬಾರದು?’ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ಸಾಹದಿಂದ ಉತ್ತರ ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಲೆಕ್ಕಪತ್ರದಿಂದ ಉತ್ತರ ಹೇಳುವ ಕೆಲಸವನ್ನು ಇಂದು ನನಗೆ ವಹಿಸಿದ್ದೀರಿ. ಲೆಕ್ಕಪರಿಶೋಧಕನ ಮಾತು ಸಾಮಾನ್ಯವಾಗಿ ಭೋಜನಕ್ಕೆ ಮುಂಚೆ ಯಾರಿಗೂ ರುಚಿಸುವುದಿಲ್ಲ ಎಂಬುದು ನನಗೆ ತಿಳಿದಿದೆ. ಆದರೂ ದೇಣಿಗೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಮೊದಲು ಒಂದು ವಿಷಯವನ್ನು ನಾವೆಲ್ಲರೂ ಅರಿತಿರಬೇಕು. ಶಿಕ್ಷಣ ಸಂಸ್ಥೆಗೆ ಬರುವ ಹಣವು ಕಟ್ಟಡವನ್ನು ನೋಡಿ ಬರುವುದಿಲ್ಲ, ತಲೆಗಳನ್ನು ಎಣಿಸಿ ಬರುತ್ತದೆ. ‘ಇಷ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತೇವೆ’ ಎಂದು ಒಪ್ಪಿಕೊಂಡ ಸಂಖ್ಯೆ ತುಂಬದಿದ್ದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ದೂರದ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ 1992ರ ಕಾನೂನಿನ ಮೂಲಕ ಉನ್ನತ ಶಿಕ್ಷಣಕ್ಕೆ ಹಣ ಹಂಚುವ ಒಂದು ಮಂಡಳಿ ಸ್ಥಾಪನೆಯಾಯಿತು. 2018ರಲ್ಲಿ ಅದು ಮುಚ್ಚಿ ಬೇರೆ ಕಚೇರಿ ಬಂದಿತು. ಆ ಮಂಡಳಿಯು ಹಲವು ವರ್ಷ ಅನುಸರಿಸಿದ ಪದ್ಧತಿ ನಮಗೆ ಪಾಠದಂತಿದೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಅದರಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆ ಮತ್ತು ವಿಷಯಗಳನ್ನು ನೋಡಿ, ಇಷ್ಟು ಸಂಪನ್ಮೂಲ ಬೇಕು ಎಂದು ಒಂದು ಪ್ರಮಾಣಿತ ಮೊತ್ತವನ್ನು ಲೆಕ್ಕ ಹಾಕುತ್ತಿದ್ದರು. ವೈದ್ಯಕೀಯಕ್ಕೆ ಹೆಚ್ಚು ತೂಕ, ಪ್ರಯೋಗಾಲಯದ ವಿಷಯಗಳಿಗೆ ಅದಕ್ಕಿಂತ ಕಡಿಮೆ, ತರಗತಿಯಲ್ಲಿಯೇ ಮುಗಿಯುವ ವಿಷಯಗಳಿಗೆ ಇನ್ನೂ ಕಡಿಮೆ. ವಾಸ್ತವವಾಗಿ ಸಿಗುತ್ತಿರುವ ಅನುದಾನ ಮತ್ತು ಶುಲ್ಕದ ಮೊತ್ತವು ಆ ಪ್ರಮಾಣಿತ ಮೊತ್ತಕ್ಕಿಂತ ಶೇಕಡಾ 5ರಷ್ಟು ಮೇಲೆ ಅಥವಾ ಕೆಳಗೆ ಇದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮಿತಿಯನ್ನು ದಾಟಿದರೆ ಮಾತ್ರ ಪ್ರಶ್ನೆ ಏಳುತ್ತಿತ್ತು. ವಿದ್ಯಾರ್ಥಿಗಳು ಕಡಿಮೆಯಾಗಿ ಹಣ ಹೆಚ್ಚಾಗಿದ್ದರೆ, ಮುಂದಿನ ವರ್ಷಗಳಲ್ಲಿ ಸಂಖ್ಯೆಯನ್ನು ತುಂಬಿಸಿಕೊಳ್ಳಬೇಕು, ಇಲ್ಲವಾದರೆ ಅನುದಾನ ಇಳಿಯಬೇಕು.

ಹೆಚ್ಚುವರಿ ಸೀಟುಗಳಿಗಾಗಿ ವಿಶೇಷವಾಗಿ ಹಣ ಪಡೆದಿದ್ದರೆ ನಿಯಮ ಇನ್ನೂ ಬಿಗಿಯಾಗಿತ್ತು. ಆ ಸೀಟುಗಳು ತುಂಬದಿದ್ದರೆ ಆ ಮೊತ್ತವನ್ನು ತಡೆಹಿಡಿಯುತ್ತಿದ್ದರು. ಡಿಸೆಂಬರ್ 1ರ ಸ್ಥಿತಿಯನ್ನು ಆಧರಿಸಿ ವಿಶ್ವವಿದ್ಯಾಲಯಗಳು ಅಂದಾಜು ಸಂಖ್ಯೆ ಕೊಡಬೇಕಿತ್ತು. ಅನಂತರ ವರ್ಷಾಂತ್ಯದ ದಾಖಲೆಯೊಡನೆ ಅದನ್ನು ತಾಳೆ ನೋಡುತ್ತಿದ್ದರು. ವರ್ಷದ ನಡುವೆ ಬಿಟ್ಟುಹೋದ ವಿದ್ಯಾರ್ಥಿಯನ್ನು ಎಣಿಕೆಗೆ ಸೇರಿಸುತ್ತಿರಲಿಲ್ಲ. ಅಂದಾಜು ಹೆಚ್ಚಾಗಿ ವಾಸ್ತವ ಕಡಿಮೆಯಾಗಿದ್ದರೆ ಕೊಟ್ಟ ಹಣವೂ ಹಿಂದಕ್ಕೆ ಹೋಗುತ್ತಿತ್ತು.

ಈ ಪದ್ಧತಿಯಲ್ಲಿ ಎರಡು ವಿವೇಕದ ಅಂಶಗಳಿವೆ. ಒಂದು, ಸಣ್ಣ ಏರಿಳಿತಕ್ಕೆ ಶಿಕ್ಷೆಯಿಲ್ಲ. ಎರಡು, ತಪ್ಪಿದ ಸಂಖ್ಯೆಯನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶವಿದೆ. ಇವೆರಡನ್ನೂ ನೆನಪಿಟ್ಟುಕೊಂಡು ಈಗ ನಮ್ಮ ಮಹಾರಾಷ್ಟ್ರಕ್ಕೆ ಬರೋಣ.

ಇಲ್ಲಿ ಅನುದಾನಿತ ಶಾಲೆಗೆ ಸರ್ಕಾರ ಕೊಡುವ ಹಣದ ಬಹುಪಾಲು ವೇತನವೇ. ಎಷ್ಟು ಶಿಕ್ಷಕರ ವೇತನ ಎಂಬುದನ್ನು ‘ಸಂಚ ಮಾನ್ಯತಾ’ ಎಂಬ ವಾರ್ಷಿಕ ಪ್ರಕ್ರಿಯೆ ನಿರ್ಧರಿಸುತ್ತದೆ. ಸೆಪ್ಟೆಂಬರ್ 30ರ ಪಟಸಂಖ್ಯೆಯೇ ಅದರ ತಳಪಾಯ. ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಲದು, ಆಧಾರ್ ಕೂಡ ತಾಳೆಯಾಗಬೇಕು. ಮಕ್ಕಳು ಕಡಿಮೆಯಾದರೆ ಹುದ್ದೆ ಕಡಿಮೆಯಾಗುತ್ತದೆ, ಶಿಕ್ಷಕರು ‘ಅತಿರಿಕ್ತ’ ಎಂದು ಘೋಷಿತರಾಗಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. 15 ಮಾರ್ಚ್ 2024ರ ಸರ್ಕಾರಿ ನಿರ್ಣಯವು ಈ ಮಾನದಂಡಗಳನ್ನು ಬದಲಿಸಿದಾಗ ರಾಜ್ಯದ ಶಿಕ್ಷಕ ಸಂಘಟನೆಗಳು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಕಡಿಮೆ ಮಕ್ಕಳಿರುವ ಶಾಲೆಗಳ ಹುದ್ದೆಗಳು ಮೊದಲು ಹೋಗುತ್ತವೆ ಎಂಬುದು ಅವರ ಆಕ್ಷೇಪ.

ಈ ಲೆಕ್ಕದ ಮೂಲದಲ್ಲಿರುವ ಕೇಂದ್ರ ಕಾಯಿದೆಯನ್ನೇ ನೋಡಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು, 91ರಿಂದ 120ರ ತನಕ ನಾಲ್ವರು. ಕಾಯಿದೆ ಇದನ್ನು ಕನಿಷ್ಠ ಮಟ್ಟವೆಂದು ಬರೆದಿದೆ. ಆದರೆ ಆಡಳಿತದ ಕೈಯಲ್ಲಿ ಕನಿಷ್ಠವೇ ಗರಿಷ್ಠವಾಗಿಬಿಡುತ್ತದೆ. ಈಗ ಲೆಕ್ಕ ಹಾಕಿರಿ. 61 ಮಕ್ಕಳಿರುವ ಒಂದು ಕನ್ನಡ ಶಾಲೆಯಿಂದ ಒಂದೇ ಒಂದು ಮಗು ಬಿಟ್ಟುಹೋದರೆ ಅನುಸೂಚಿಯ ಪ್ರಕಾರ ಮೂವರು ಶಿಕ್ಷಕರು ಇಬ್ಬರಾಗುತ್ತಾರೆ. ಮಕ್ಕಳು ಇಳಿದದ್ದು ಶೇಕಡಾ ಎರಡಕ್ಕಿಂತ ಕಡಿಮೆ, ಶಿಕ್ಷಕರು ಇಳಿದದ್ದು ಮೂರರಲ್ಲಿ ಒಂದು ಪಾಲು. ಇಂಗ್ಲೆಂಡಿನ ಶೇಕಡಾ 5ರ ಮಿತಿಯಲ್ಲಿ ಈ ಮಗುವಿನ ನಿರ್ಗಮನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಲ್ಲಿಯದು ಇಳಿಜಾರು, ಇಲ್ಲಿಯದು ಪ್ರಪಾತ.

ಪ್ರಪಾತಕ್ಕೆ ಬಿದ್ದ ಶಾಲೆ ಮತ್ತೆ ಮೇಲೇಳುವುದು ಕಷ್ಟ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ಒಟ್ಟಿಗೆ ನಡೆಸುವುದನ್ನು ನೋಡಿದ ಪಾಲಕರು ಮುಂದಿನ ಜೂನ್ ತಿಂಗಳಲ್ಲಿ ಇನ್ನಷ್ಟು ಮಕ್ಕಳನ್ನು ಬಿಡಿಸುತ್ತಾರೆ. ಸಂಖ್ಯೆ ಇಳಿದುದರಿಂದ ಹಣ ಇಳಿಯಿತು, ಹಣ ಇಳಿದುದರಿಂದ ಗುಣಮಟ್ಟ ಇಳಿಯಿತು, ಗುಣಮಟ್ಟ ಇಳಿದುದರಿಂದ ಸಂಖ್ಯೆ ಮತ್ತೆ ಇಳಿಯಿತು. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿರುವುದನ್ನು ನೀವೆಲ್ಲರೂ ಬಲ್ಲಿರಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಒಂದು ಪೀಳಿಗೆ ಈ ಮಹಾನಗರದಲ್ಲಿತ್ತು. ಆ ಪೀಳಿಗೆಯ ಮಕ್ಕಳೂ ಮೊಮ್ಮಕ್ಕಳೂ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಕುಳಿತಿರುವ ನಮ್ಮೆಲ್ಲರ ಮನೆಯ ಕಥೆಯೂ ಅದೇ.

ನಾವು ನಿಂತಿರುವ ಈ ಊರೇ ಇದಕ್ಕೆ ಸಾಕ್ಷಿ. ದೇಶ ವಿಭಜನೆಯ ಅನಂತರ ಕಲ್ಯಾಣದ ಸೇನಾ ಶಿಬಿರಕ್ಕೆ ಬಂದಿಳಿದ ಸಿಂಧಿ ನಿರಾಶ್ರಿತರು 1949ರಲ್ಲಿ ಉಲ್ಹಾಸನಗರವೆಂಬ ಹೆಸರು ಪಡೆದ ಈ ಊರನ್ನು ಕಟ್ಟಿದರು. ಮನೆಗೆ ಮೊದಲೇ ಶಾಲೆ ಎಂಬಂತೆ ಸಿಂಧಿ ಶಾಲೆಗಳನ್ನು ತೆರೆದರು, ಕಾಲೇಜುಗಳನ್ನು ಕಟ್ಟಿದರು. ಇಂದು ಆ ಕಾಲೇಜುಗಳು ಚೆನ್ನಾಗಿಯೇ ನಡೆಯುತ್ತಿವೆ, ಎಲ್ಲ ಭಾಷೆಗಳ ಮಕ್ಕಳೂ ಅಲ್ಲಿ ಓದುತ್ತಿದ್ದಾರೆ. ಸಿಂಧಿ ಮಾಧ್ಯಮದ ಶಾಲೆಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಊರಿನ ಬಹುಸಂಖ್ಯಾತರಾಗಿದ್ದವರಿಗೇ ತಮ್ಮ ಭಾಷೆಯ ತರಗತಿಗಳನ್ನು ತುಂಬಿಸಿಕೊಳ್ಳಲು ಆಗಲಿಲ್ಲವೆಂದರೆ, ನಾಲ್ಕು ನಗರಗಳಲ್ಲಿ ಚದುರಿಹೋಗಿರುವ ನಮ್ಮ ಕುಟುಂಬಗಳ ಗತಿಯೇನು ಎಂದು ಯೋಚಿಸಬೇಕಲ್ಲವೇ?

ಇನ್ನು ಕಾಲೇಜಿನ ಮಾತು. ಅನುದಾನಿತ ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆಗೆ ಕಾರ್ಯಭಾರವೇ ಆಧಾರ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ತಾಸುಗಳ ನೇರ ಬೋಧನೆ ಇರಬೇಕು. ಒಂದು ವಿಷಯಕ್ಕೆ ವಿದ್ಯಾರ್ಥಿಗಳು ಬರದಿದ್ದರೆ ತಾಸುಗಳು ಇಳಿಯುತ್ತವೆ. ತಾಸುಗಳು ಇಳಿದರೆ ನಿವೃತ್ತರಾದವರ ಜಾಗಕ್ಕೆ ಮತ್ತೊಬ್ಬರು ಬರುವುದಿಲ್ಲ. ಕಲಾ ವಿಭಾಗದ ಭಾಷಾ ವಿಷಯಗಳು ಹೀಗೆ ಸದ್ದಿಲ್ಲದೆ ಕಣ್ಮರೆಯಾಗುತ್ತವೆ. ಯಾರೂ ಮುಚ್ಚುವ ಆದೇಶ ಹೊರಡಿಸುವುದಿಲ್ಲ.

ಹೊಸದಾಗಿ ಆರಂಭವಾಗುವ ಕಾಲೇಜಿಗಂತೂ ಅನುದಾನದ ಆಸೆ ಇಟ್ಟುಕೊಳ್ಳುವಂತಿಲ್ಲ. ಅದು ಸ್ವಂತ ಶುಲ್ಕದಿಂದಲೇ ನಡೆಯಬೇಕು. ಆಗ ಸಂಖ್ಯೆ ತಪ್ಪಿದರೆ ಹಣ ಕಡಿತ ಮಾಡಲು ಸರ್ಕಾರವೇ ಬೇಕಾಗಿಲ್ಲ, ಖಾಲಿ ಬೆಂಚೇ ಆ ಕೆಲಸ ಮಾಡುತ್ತದೆ. ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಮೂರು ವರ್ಷದ ಪದವಿ, ಒಂದು ತರಗತಿಗೆ 60 ಸೀಟು, ವರ್ಷಕ್ಕೆ ತಲಾ 50,000 ರೂಪಾಯಿ ಶುಲ್ಕ. ಪೂರ್ತಿ ತುಂಬಿದರೆ 30 ಲಕ್ಷ ಆದಾಯ. ವೇತನ, ಬಾಡಿಗೆ, ವಿದ್ಯುತ್ತು ಸೇರಿ 22 ಲಕ್ಷ ಸ್ಥಿರ ವೆಚ್ಚ. ತಲಾ 10,000ದಂತೆ ವಿದ್ಯಾರ್ಥಿಗಳ ಮೇಲಿನ ವೆಚ್ಚ 6 ಲಕ್ಷ. ಉಳಿತಾಯ 2 ಲಕ್ಷ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಈಗ 60ರ ಬದಲು 45 ಮಂದಿ ಬಂದರೆಂದು ತಿಳಿಯೋಣ. ಆದಾಯ ಇಪ್ಪತ್ತೆರಡೂವರೆ ಲಕ್ಷಕ್ಕೆ ಇಳಿಯಿತು. ವಿದ್ಯಾರ್ಥಿಗಳ ಮೇಲಿನ ವೆಚ್ಚ ನಾಲ್ಕೂವರೆ ಲಕ್ಷವಾಯಿತು. ಸ್ಥಿರ ವೆಚ್ಚ ಮಾತ್ರ ಕದಲಲಿಲ್ಲ. ಹದಿನೈದು ಮಂದಿ ಬರಲಿಲ್ಲವೆಂದು ಅಧ್ಯಾಪಕರ ವೇತನದಲ್ಲಿ ಕಾಲು ಭಾಗ ಕಡಿಯಲಾಗುವುದಿಲ್ಲ, ಕೋಣೆಯ ಕಾಲು ಭಾಗದ ಬಾಡಿಗೆ ನಿಲ್ಲಿಸಲಾಗುವುದಿಲ್ಲ. 2 ಲಕ್ಷದ ಉಳಿತಾಯವಿದ್ದ ಕಡೆ 4 ಲಕ್ಷದ ಕೊರತೆ ಬಂದಿತು. ವ್ಯತ್ಯಾಸ 6 ಲಕ್ಷ. ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊದಲ ವರ್ಷ ಬರದಿದ್ದ ಹದಿನೈದು ಮಂದಿ ಎರಡನೆಯ ವರ್ಷದಲ್ಲಿಯೂ ಇರುವುದಿಲ್ಲ, ಮೂರನೆಯ ವರ್ಷದಲ್ಲಿಯೂ ಇರುವುದಿಲ್ಲ. ಒಂದು ಜೂನ್ ತಿಂಗಳಿನ ಸೋಲು ಮೂರು ವರ್ಷಗಳಲ್ಲಿ 18 ಲಕ್ಷವಾಗುತ್ತದೆ. ಮುಂದಿನ ಜೂನ್ ಕೂಡ ಹಾಗೆಯೇ ಆದರೆ ಅದರ ಮೇಲೆ ಇನ್ನೊಂದು 18 ಲಕ್ಷ ಕೂಡಿಕೊಳ್ಳುತ್ತದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆಯೂ ಮದುವೆಯೂ ಒಂದು ದಿನ ಮುಗಿಯುತ್ತವೆ. ಕಾಲೇಜು ಎಂದಿಗೂ ಮುಗಿಯದ ವೆಚ್ಚ.

ಇದು ಕೇವಲ ನಮ್ಮಂಥ ಸಣ್ಣ ಸಮಾಜದ ಕಷ್ಟವಲ್ಲ. ಕರ್ನಾಟಕ ಸರ್ಕಾರವೇ ಈ ಲೆಕ್ಕದಲ್ಲಿ ಸಿಕ್ಕಿಕೊಂಡಿತು. 2022ರಲ್ಲಿ ಕಾನೂನು ತಿದ್ದುಪಡಿ ಮಾಡಿ ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಕೊಡಗು, ಹಾಸನ, ಚಾಮರಾಜನಗರಗಳಿಗೆ ಒಂದೊಂದು ವಿಶ್ವವಿದ್ಯಾಲಯವನ್ನು ಘೋಷಿಸಲಾಯಿತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂಬ ಮಾತು ಕೇಳಲು ಬಹಳ ಹಿತವಾಗಿತ್ತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಕಾರ್ಯಸಾಧ್ಯವಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ವಿರೋಧ ಪಕ್ಷವು ಇದನ್ನು ದ್ವೇಷದ ರಾಜಕಾರಣವೆಂದಿತು, ಆಡಳಿತ ಪಕ್ಷವು ಹಿಂದಿನವರ ಬೇಜವಾಬ್ದಾರಿ ಎಂದಿತು. ನನಗೆ ಎರಡೂ ಪಕ್ಷಗಳಿಗಿಂತ ಲೆಕ್ಕವೇ ಹೆಚ್ಚು ಮಾತನಾಡುವಂತೆ ಕಾಣುತ್ತದೆ. ರಾಜ್ಯ ವಿಶ್ವವಿದ್ಯಾಲಯದ ಸ್ವಂತ ಆದಾಯದಲ್ಲಿ ದೊಡ್ಡ ಪಾಲು ಸಂಯೋಜಿತ ಕಾಲೇಜುಗಳ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ ಬರುತ್ತದೆ. ಅಂದರೆ ಅದೂ ತಲೆಯೆಣಿಕೆಯೇ. ಹಳೆಯ ವಿಶ್ವವಿದ್ಯಾಲಯವನ್ನು ಒಡೆದಾಗ ಹೊಸದಕ್ಕೆ ಸಾಲುವಷ್ಟು ತಲೆಗಳು ಸಿಗಲಿಲ್ಲ. ಹಳೆಯದಕ್ಕೆ ಇದ್ದ ತಲೆಗಳೂ ಕಡಿಮೆಯಾದವು, ಆದರೆ ಅದರ ಪಿಂಚಣಿಯ ಹೊರೆ ಹಾಗೆಯೇ ಉಳಿಯಿತು. ಫಲಕ ಹಾಕುವ ದಿನ ಯಾರೂ ಈ ಲೆಕ್ಕ ಕೇಳಲಿಲ್ಲ.

ಸಂಖ್ಯೆಯನ್ನೇ ಹಣವನ್ನಾಗಿ ಮಾಡಿದಾಗ ಇನ್ನೊಂದು ರೋಗವೂ ಹುಟ್ಟುತ್ತದೆ. ಅದು ಸುಳ್ಳು ಸಂಖ್ಯೆ. 2011ರ ಅಕ್ಟೋಬರ್ 3ರಿಂದ 5ರವರೆಗೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಏಕಕಾಲಕ್ಕೆ ಪಟಪಡತಾಳಣಿ ನಡೆದುದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಪುಸ್ತಕದಲ್ಲಿದ್ದು ಬೆಂಚಿನಲ್ಲಿಲ್ಲದ ಮಕ್ಕಳ ಸಂಖ್ಯೆ ಸುಮಾರು 20 ಲಕ್ಷ ಎಂದು ಆಗ ಹೊರಬಿದ್ದಿತು. ಅವರೆಲ್ಲರ ಹೆಸರಿನಲ್ಲಿ ಶಿಕ್ಷಕರ ವೇತನ, ಮಧ್ಯಾಹ್ನದ ಊಟ, ಪಠ್ಯಪುಸ್ತಕಗಳ ಹಣ ಹೋಗುತ್ತಿತ್ತು. ಕೆಲವರು ಲೂಟಿಗಾಗಿ ಹಾಗೆ ಮಾಡಿದರು. ಒಬ್ಬ ಶಿಕ್ಷಕರ ಹೊಟ್ಟೆಪಾಡು ಉಳಿಯಲೆಂದು ನಾಲ್ಕು ಹೆಸರು ಸೇರಿಸಿದವರೂ ಇರಬಹುದು. ಎರಡನೆಯವರ ಬಗ್ಗೆ ಮರುಕ ಹುಟ್ಟುತ್ತದೆ, ಆದರೆ ಲೆಕ್ಕಪರಿಶೋಧಕನಾಗಿ ಅದಕ್ಕೆ ಸಹಿ ಹಾಕಲಾಗುವುದಿಲ್ಲ. ಸತ್ಯ ಮತ್ತು ಅಚೌರ್ಯ ನಮಗೆ ಬಾಲ್ಯದಲ್ಲಿಯೇ ಕಲಿಸಿದ ಅಣುವ್ರತಗಳು. ಹಾಜರಿ ಪುಸ್ತಕಕ್ಕೆ ಅವುಗಳಿಂದ ವಿನಾಯಿತಿ ಇಲ್ಲ.

ಈಗ ಅಲ್ಪಸಂಖ್ಯಾತ ಸ್ಥಾನಮಾನದ ಪ್ರಶ್ನೆಗೆ ಬರುತ್ತೇನೆ. ‘ನಮಗೆ ಅಲ್ಪಸಂಖ್ಯಾತರ ಹಕ್ಕು ಇದೆಯಲ್ಲ’ ಎಂದು ಹಲವರು ಹೇಳುತ್ತಾರೆ. ಇದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೂ ಹೌದು. ಸಂವಿಧಾನದ 30ನೇ ವಿಧಿಯು ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ, ಅನುದಾನ ಕೊಡುವಾಗ ಭೇದ ಮಾಡಬಾರದೆಂದೂ ಹೇಳುತ್ತದೆ. ಆದರೆ ಹಕ್ಕಿನ ಜೊತೆಯಲ್ಲಿಯೇ ಒಂದು ಗುರಿಸಂಖ್ಯೆ ಬರುತ್ತದೆ. ಈ ರಾಜ್ಯದಲ್ಲಿ ಅಲ್ಪಸಂಖ್ಯಾತ ಸಂಸ್ಥೆಯ ಸೀಟುಗಳಲ್ಲಿ ಅರ್ಧದಷ್ಟು ಆ ಸಮುದಾಯದ ಮಕ್ಕಳಿಗೆ ಮೀಸಲು. ಹನ್ನೊಂದನೆಯ ತರಗತಿಯ ಪ್ರವೇಶದಲ್ಲಿ ಆ ಸೀಟುಗಳು ತುಂಬದಿದ್ದರೆ ಕಾಲೇಜು ಅವುಗಳನ್ನು ಕೇಂದ್ರೀಕೃತ ಪ್ರವೇಶ ವ್ಯವಸ್ಥೆಗೆ ಒಪ್ಪಿಸುತ್ತದೆ. ಆಗ ಕಾಲೇಜು ತುಂಬಬಹುದು, ಆದರೆ ಯಾರಿಗಾಗಿ ಕಟ್ಟಿದೆವೋ ಅವರು ಅಲ್ಲಿರುವುದಿಲ್ಲ.

2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಮಹಾರಾಷ್ಟ್ರದಲ್ಲಿ ಸುಮಾರು 14 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಈ 14 ಲಕ್ಷದಲ್ಲಿ ಬಹುಪಾಲು ಮರಾಠಿ, ಗುಜರಾತಿ, ರಾಜಸ್ಥಾನಿ ಮಾತನಾಡುವವರು. ಕನ್ನಡ ಜೈನರು ಅದರಲ್ಲಿ ಒಂದು ಸಣ್ಣ ತೊರೆ. ಹದಿನೆಂಟರ ವಯಸ್ಸಿನ ಮಕ್ಕಳನ್ನು ಈ ನಾಲ್ಕು ನಗರಗಳಲ್ಲಿ ಹುಡುಕಿದರೂ, ಅವರೆಲ್ಲರೂ ಒಂದೇ ಕಾಲೇಜಿನ ಒಂದೇ ವಿಷಯವನ್ನು ಆರಿಸಿಕೊಳ್ಳುವರೇ? ಒಬ್ಬನಿಗೆ ಇಂಜಿನಿಯರಿಂಗ್ ಬೇಕು, ಒಬ್ಬಳಿಗೆ ನನ್ನಂತೆ ಲೆಕ್ಕಶಾಸ್ತ್ರ ಬೇಕು, ಇನ್ನೊಬ್ಬಳು ಬೆಂಗಳೂರಿಗೋ ಉಜಿರೆಗೋ ಹೊರಡುತ್ತಾಳೆ. ಹೋಗಲಿ, ಅದು ಅವರ ಹಕ್ಕು.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೇ? ಖಂಡಿತ ಬೇಡ. ನಮ್ಮ ಪರಂಪರೆಯಲ್ಲಿಯೇ ಬೇರೆ ದಾರಿಗಳಿವೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ವಿದ್ಯೆಯನ್ನು ಓದುಗನ ಬಳಿಗೆ ಕಳುಹಿಸಿದಳು. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಹೆಚ್ಚಿನ ಶ್ರಮ ಹಾಕಿದ್ದು ವಸತಿಗೃಹಗಳಿಗೆ. ಕಾಲೇಜು ಯಾರದಾದರೂ ಆಗಲಿ, ಹಳ್ಳಿಯಿಂದ ಬಂದ ನಮ್ಮ ಹುಡುಗನಿಗೆ ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ ಇರಲಿ ಎಂಬುದು ಅವರ ವಿಚಾರ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಅದರ ಬಾಗಿಲನ್ನು ಎಲ್ಲ ಜಾತಿಯ ಬಡ ಮಕ್ಕಳಿಗೂ ತೆರೆದರು.

ಇವುಗಳನ್ನು ಮುಂದಿಟ್ಟುಕೊಂಡು ನಾನು ನಾಲ್ಕು ಸಲಹೆಗಳನ್ನು ನಿಮ್ಮ ವಿಚಾರಕ್ಕೆ ಒಪ್ಪಿಸುತ್ತೇನೆ.

ಮೊದಲನೆಯದು, ಹಣವು ಕಟ್ಟಡದ ಹಿಂದೆ ಹೋಗದೆ ವಿದ್ಯಾರ್ಥಿಯ ಹಿಂದೆ ಹೋಗಲಿ. ಐವತ್ತು ಮಕ್ಕಳಿಗೆ ಅವರು ಆರಿಸಿದ ಕಾಲೇಜಿನಲ್ಲಿ ಶುಲ್ಕ ಕೊಡುವ ನಿಧಿಗೆ ಗುರಿಸಂಖ್ಯೆಯ ಭಯವಿಲ್ಲ. ಈ ವರ್ಷ ಮೂವತ್ತೇ ಅರ್ಜಿ ಬಂದರೆ ಉಳಿದ ಹಣ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಆದಾಯ ತೆರಿಗೆಯ ಕಾನೂನು ಧರ್ಮದತ್ತಿಗಳು ವರ್ಷದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ಬಳಸಬೇಕೆಂದು ಹೇಳುತ್ತದೆ. ನಿರ್ದಿಷ್ಟ ಉದ್ದೇಶವನ್ನು ಮೊದಲೇ ಬರೆದುಕೊಟ್ಟರೆ ಐದು ವರ್ಷಗಳವರೆಗೆ ಕೂಡಿಡಲು ಅವಕಾಶವನ್ನೂ ಕೊಡುತ್ತದೆ. ಖಾಲಿ ಬೆಂಚಿಗೆ ಇಂಥ ಅವಕಾಶವಿಲ್ಲ.

ಎರಡನೆಯದು, ಈಗಾಗಲೇ ಇರುವ ಕನ್ನಡ ಸಂಸ್ಥೆಗಳನ್ನು ಉಳಿಸೋಣ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ, ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಇಂಥ ಕಡೆಗಳಲ್ಲಿ ಒಂದು ಹುದ್ದೆ ಅತಿರಿಕ್ತವಾದಾಗ ಎರಡು ಮೂರು ವರ್ಷ ಗೌರವಧನ ಕೊಟ್ಟು ತರಗತಿಯನ್ನು ಮುಂದುವರಿಸುವ ಸೇತು ನಿಧಿ ಬೇಕು. ಪ್ರಪಾತದ ಅಂಚಿಗೆ ಅದೊಂದು ಮೆಟ್ಟಿಲಾದೀತು. ನಮ್ಮಲ್ಲಿ ಕಲ್ಲಿಗೆ ಹೆಸರು ಕೆತ್ತಿಸುವ ದಾನಿಗಳಿದ್ದಾರೆ, ಶಿಕ್ಷಕಿಯ ಸಂಬಳಕ್ಕೆ ಕೊಡುವ ದಾನಿಗಳು ವಿರಳ. ಈ ಅಭ್ಯಾಸ ಬದಲಾಗಬೇಕು.

ಮೂರನೆಯದು ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ. ತಲೆಯೆಣಿಕೆಯೇ ಬೇಡವೆಂದು ನಾನು ಹೇಳುವುದಿಲ್ಲ. ತೆರಿಗೆಯ ಹಣ ಮಕ್ಕಳಿರುವ ಕಡೆಗೆ ಹೋಗಬೇಕು. ಆದರೆ ಒಂದೇ ದಿನದ ಸಂಖ್ಯೆಯ ಬದಲು ಮೂರು ವರ್ಷಗಳ ಸರಾಸರಿ ನೋಡಲಿ. ಸಣ್ಣ ಏರಿಳಿತಕ್ಕೆ ಶೇಕಡಾವಾರು ಮಿತಿಯೊಂದಿರಲಿ. ಭಾಷಾ ಅಲ್ಪಸಂಖ್ಯಾತ ಶಾಲೆಗೆ ಸಂಖ್ಯೆ ಏನೇ ಇದ್ದರೂ ಕನಿಷ್ಠ ಹುದ್ದೆಗಳ ಭರವಸೆಯಿರಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಬೆಳಗಾವಿಯ ಮರಾಠಿ ಶಾಲೆಗೆ ಕರ್ನಾಟಕವೂ, ಜತ್ತ ಅಕ್ಕಲಕೋಟೆಗಳ ಕನ್ನಡ ಶಾಲೆಗೆ ಮಹಾರಾಷ್ಟ್ರವೂ ಇದನ್ನೇ ಸಮಾನವಾಗಿ ಪಾಲಿಸಬೇಕು. ಗಡಿಯ ಎರಡೂ ಕಡೆಯ ರಾಜಕಾರಣಿಗಳು ಭಾಷೆಯ ಹೆಸರಿನಲ್ಲಿ ಕೂಗುತ್ತಾರೆ. ಅವರು ಸೆಪ್ಟೆಂಬರ್ 30ರ ಪಟಸಂಖ್ಯೆಯ ಬಗ್ಗೆಯೂ ಒಂದು ಮಾತು ಆಡಲಿ.

ನಾಲ್ಕನೆಯದು ನಮ್ಮ ಮನೆಗೆ ಸಂಬಂಧಿಸಿದ್ದು. ಭಾಷೆಯ ತರಗತಿ ಮುಚ್ಚಿತೆಂದು ದುಃಖಪಡುವ ನಾವು ಆ ತರಗತಿಗೆ ಎಷ್ಟು ಮಕ್ಕಳನ್ನು ಕಳುಹಿಸಿದೆವು? ಮಾಧ್ಯಮ ಇಂಗ್ಲಿಷ್ ಇರಲಿ, ವಾರಕ್ಕೆ ಎರಡು ತಾಸು ಕನ್ನಡ ಓದುಬರಹವಾದರೂ ಇರಲಿ. ಸಂಘಗಳು ನಡೆಸುವ ಭಾನುವಾರದ ತರಗತಿಗಳಿಗೆ ನಮ್ಮ ಮಕ್ಕಳು ಹೋಗಲಿ. ಅಲ್ಲಿ ಅನುದಾನವಿಲ್ಲ, ಆದ್ದರಿಂದ ಕಡಿತವೂ ಇಲ್ಲ. ಇಪ್ಪತ್ತು ಮಕ್ಕಳು ಬರಲಿ, ಐವರೇ ಬರಲಿ, ಪಾಠ ನಡೆಯುತ್ತದೆ.

ಇಷ್ಟಾದ ಮೇಲೂ ಸಮಾಜವು ಕಾಲೇಜೇ ಬೇಕೆಂದು ನಿರ್ಧರಿಸಿದರೆ ನಾನು ಅಡ್ಡಬರುವುದಿಲ್ಲ. ಆಗ ಒಂದು ಷರತ್ತು ಮಾತ್ರ ಕೇಳುತ್ತೇನೆ. ಕಟ್ಟಡದ ಅಂದಾಜು ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇರಲಿ. ಸೀಟುಗಳಲ್ಲಿ ಮುಕ್ಕಾಲು ಭಾಗವೇ ತುಂಬಿದರೆ ಮೊದಲ ಐದು ವರ್ಷಗಳ ಕೊರತೆ ಎಷ್ಟು, ಅದನ್ನು ಯಾರು ಭರಿಸುತ್ತಾರೆ ಎಂಬುದು ಅದರಲ್ಲಿ ಬರೆದಿರಲಿ. ಆ ಎರಡನೆಯ ಪಟ್ಟಿಗೆ ಸಾಕಷ್ಟು ಸಹಿಗಳು ಬಿದ್ದರೆ ಅಡಿಗಲ್ಲು ಹಾಕೋಣ. ಬೀಳದಿದ್ದರೆ, ಆ ಹಣದಿಂದ ಈ ಜೂನ್ ತಿಂಗಳಲ್ಲಿಯೇ ಎಷ್ಟು ಮಕ್ಕಳ ಶುಲ್ಕ ಕಟ್ಟಬಹುದು ಎಂಬುದನ್ನು ಇಂದೇ ಲೆಕ್ಕ ಹಾಕೋಣ. ಲೆಕ್ಕ ಹಾಕಿಕೊಡುವ ಕೆಲಸಕ್ಕೆ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ.